ಬದು ಬೋಳಿಸಿ ಹುಳುವನ್ನು ಬೈಯುವವರಿಗೆ

ಶೇಂಗಾದ ಎಲೆ ಮಡಚಿಕೊಂಡ ಮಾರನೆಯ ದಿನ ಗೊಬ್ಬರದಂಗಡಿ ಮುಂದೆ ಬೈಕುಗಳು ನಿಲ್ಲುತ್ತವೆ. ಅಂಗಡಿಯವರು ಕೇಳುವುದು ಎಷ್ಟು ಎಕರೆ ಎಂದು. ಯಾವ ಹುಳು, ಎಲೆಯ ಮೇಲಿದೆಯೋ ಅಡಿಗಿದೆಯೋ, ಅದನ್ನು ತಿನ್ನುವ ಇನ್ನೊಂದು ಹುಳು ಹೊಲದಲ್ಲಿ ಕಂಡಿತೋ ಇಲ್ಲವೋ ಎಂದು ಅವರು ಕೇಳುವುದಿಲ್ಲ. ಕೊಳ್ಳುವವನಿಗೂ ಆ ಪ್ರಶ್ನೆ ಬೇಕಿಲ್ಲ. “ಬಾಜು ಹೊಲದವರು ಏನ್ ಹೊಡದಾರ, ಅದನ್ನ ಕೊಡ್ರಿ” ಎಂದರೆ ವ್ಯವಹಾರ ಮುಗಿಯಿತು. ನೇಮಕಲ್ಲು, ಬೊಮ್ಮನಹಾಳ, ಕಣೇಕಲ್ಲು, ರಾಯದುರ್ಗ, ಅತ್ತ ಬಳ್ಳಾರಿ, ಇತ್ತ ಮಡಕಶಿರಾ, ಆಂಧ್ರ-ಕರ್ನಾಟಕ ಗಡಿಯ ಎರಡೂ ಬದಿಯಲ್ಲಿ ಮಾತು ಇದೇ. ಇದನ್ನು ಅಜ್ಞಾನವೆಂದು ಕರೆದು ಮರುಗುವವರಿದ್ದಾರೆ. ನಾನು ಮರುಗಲಾರೆ. ಈ ಅನಂತಪುರ ಜಿಲ್ಲೆಯ ರೈತರಿಗೆ, ಅಧಿಕಾರಿಗಳಿಗೆ, ಬೀಜ ಹಂಚುವವರಿಗೆ ಎಲ್ಲವನ್ನೂ ಬಿಡಿಸಿ ಹೇಳಿ 25 ವರ್ಷ ಕಳೆದಿದೆ. ಗೊತ್ತಿದ್ದೂ ಮಾಡದಿರುವುದಕ್ಕೆ ಬೇರೆ ಹೆಸರಿದೆ.

2000ನೇ ಇಸವಿಯ ಮುಂಗಾರು. ಅನಂತಪುರ ಜಿಲ್ಲೆಯಲ್ಲಿ ಆ ವರ್ಷ ಬಿತ್ತಿದ ಶೇಂಗಾದ ಎಳೆ ಎಲೆಗಳಲ್ಲಿ ಮೊದಲು ಕಂದು ಮಚ್ಚೆ ಕಂಡವು. ಮಚ್ಚೆ ತೊಟ್ಟಿಗೆ ಇಳಿಯಿತು, ತೊಟ್ಟಿನಿಂದ ಕಾಂಡಕ್ಕೆ ಹೋಯಿತು, ಕುಡಿ ಕಪ್ಪಾಗಿ ಬಾಗಿತು, ಗಿಡ ನಿಂತಲ್ಲೇ ಒಣಗಿತು. ಸುಮಾರು 2.25 ಲಕ್ಷ ಹೆಕ್ಟೇರಿಗೆ ಅದು ಹರಡಿತು. ನಷ್ಟ 300 ಕೋಟಿ ರೂಪಾಯಿ ದಾಟಿತೆಂದು ಲೆಕ್ಕ ಹಾಕಿದರು. ಹೈದರಾಬಾದ್ ಬಳಿಯ ಪಟಾನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್ ಸಂಸ್ಥೆಯ ವಿಜ್ಞಾನಿಗಳು ಸತ್ತ ಗಿಡಗಳನ್ನು ಪರೀಕ್ಷಿಸಿ, ಇದು ಟೊಬ್ಯಾಕೊ ಸ್ಟ್ರೀಕ್ ವೈರಸ್ ಎಂಬ ನಂಜು ಎಂದು ಗುರುತಿಸಿದರು.

ಅವರು ಕಂಡುಕೊಂಡದ್ದರಲ್ಲಿ ರೈತನಿಗೆ ಬೇಕಾದದ್ದು ನಂಜಿನ ಹೆಸರಲ್ಲ, ಅದು ಬಂದ ದಾರಿ. ನಂಜು ಹೊಲದಲ್ಲಿ ಹುಟ್ಟಿರಲಿಲ್ಲ. ಬದುವಿನ ಮೇಲೆ, ಬಂಡಿದಾರಿಯ ಪಕ್ಕ, ಬೀಳುಬಿಟ್ಟ ನೆಲದಲ್ಲಿ ಮೊಣಕಾಲೆತ್ತರ ನಿಂತ ಪಾರ್ಥೇನಿಯಂ ಗಿಡದಲ್ಲಿತ್ತು. ಆ ಗಿಡ ನಂಜನ್ನು ಹೊತ್ತರೂ ಅದಕ್ಕೆ ರೋಗವಿಲ್ಲ, ಮಚ್ಚೆಯಿಲ್ಲ, ನಳನಳಿಸುತ್ತಲೇ ಇರುತ್ತದೆ. ನಂಜು ಇರುವುದು ಅದರ ಹೂವಿನ ಪರಾಗದಲ್ಲಿ. ಥ್ರಿಪ್ಸ್ ನುಸಿ ಆ ಹೂಗಳಲ್ಲಿ ಓಡಾಡಿ ಮೈಗೆ ಪರಾಗ ಮೆತ್ತಿಕೊಂಡು ಗಾಳಿಯಲ್ಲಿ ತೇಲುತ್ತ ಶೇಂಗಾಕ್ಕೆ ಬಂದು ಕೂರುತ್ತದೆ. ಎಲೆಯನ್ನು ಕೆರೆದು ರಸ ಹೀರುವಾಗ ಆದ ಗಾಯದೊಳಗೆ ಪರಾಗದಲ್ಲಿದ್ದ ನಂಜು ಇಳಿಯುತ್ತದೆ. ಗಾಳಿಯೂ ಪರಾಗವನ್ನು ತಂದು ಎಲೆಯ ಮೇಲೆ ಸುರಿಯುತ್ತದೆ. ಹೊಲದೊಳಗಿನ ನುಸಿಯನ್ನು ಕೀಟನಾಶಕದ ಎಣ್ಣೆ ಹೊಡೆದು ಕೊಂದರೂ ಬದುವಿನಿಂದ ಹೊಸ ನುಸಿ ಬರುತ್ತದೆ, ಒಮ್ಮೆ ಕೆರೆದರೆ ಅದರ ಕೆಲಸ ಆಯಿತು. ಹೊಲಕ್ಕೆ ಬಂದ ರೋಗದ ಬೇರು ಹೊಲದ ಹೊರಗಿತ್ತು. ಬೆಳೆಯನ್ನು ಉಳಿಸುವುದೂ ಕೆಡಿಸುವುದೂ ಬೆಳೆಯ ಸುತ್ತಲಿನ ನೆಲ ಎನ್ನುವುದಕ್ಕೆ ಇದಕ್ಕಿಂತ ಬಿಚ್ಚುಮಾತಿನ ಸಾಕ್ಷಿ ಯಾವ ಜಿಲ್ಲೆಗೂ ಸಿಕ್ಕಿರಲಾರದು.

ಎಚ್ಚರಿಕೆ ಅದಕ್ಕೂ ಮೊದಲೇ ಬಂದಿತ್ತು. 1997ರಲ್ಲಿ, ಅಂದಿನ ಅನಂತಪುರ ಜಿಲ್ಲೆಯ ಗಡಿಗೆ ಅಂಟಿಕೊಂಡಿದ್ದ ಬಾಗೇಪಲ್ಲಿಯ ಸುತ್ತ ಸೂರ್ಯಕಾಂತಿ ಗಿಡಗಳು ಕುಡಿ ತಿರುಚಿ, ತೆನೆ ಬಾಗಿ ಸತ್ತವು. ಆ ರೋಗದ ಹಿಂದೆ ಇದ್ದದ್ದೂ ಇದೇ ನಂಜು. ಆಗ ಅದು ಕೋಲಾರ ಜಿಲ್ಲೆಯ ಸಂಕಟ, ಸೂರ್ಯಕಾಂತಿಯವರ ಸಂಕಟ. ಶೇಂಗಾದವರು ಕೇಳಿಸಿಕೊಳ್ಳಲಿಲ್ಲ. ರಾಜ್ಯದ ಗಡಿ ಕಂದಾಯದ ನಕ್ಷೆಯಲ್ಲಿದೆ. ಪರಾಗಕ್ಕೂ ನುಸಿಗೂ ಅದು ಗೊತ್ತಿಲ್ಲ.

ವಿಜ್ಞಾನಿಗಳು ಹೇಳಿದ ಉಪಾಯಗಳು ಬಡವನ ಕೈಗೆ ಎಟುಕುವಂಥವು. ಬಿತ್ತುವಾಗ ಹೊಲದ ಸುತ್ತ ಜೋಳವನ್ನೋ ಸಜ್ಜೆಯನ್ನೋ 4ರಿಂದ 8 ಸಾಲು ಒತ್ತಾಗಿ ಹಾಕಿ. ಅದು ಶೇಂಗಾಕ್ಕಿಂತ ಬೇಗ ಎದ್ದು ಬೇಲಿಯಾಗಿ ನಿಲ್ಲುತ್ತದೆ, ಗಾಳಿಯಲ್ಲಿ ಬರುವ ನುಸಿಯನ್ನೂ ಪರಾಗವನ್ನೂ ತಡೆಯುತ್ತದೆ. ಪಾರ್ಥೇನಿಯಂ ಹೂ ಬಿಡುವ ಮೊದಲೇ ಕಿತ್ತು ಹಾಕಿ. ಶೇಂಗಾದ ಪಕ್ಕದಲ್ಲಿ ಸೂರ್ಯಕಾಂತಿ ಬೇಡ. ಅಷ್ಟೇ. ಈ ಮಾತು ಕರಪತ್ರದಲ್ಲಿ ಬಂತು, ರೇಡಿಯೊದಲ್ಲಿ ಬಂತು, ಕೃಷಿ ಇಲಾಖೆಯ ಸಭೆಗಳಲ್ಲಿ ಬಂತು. ಇವತ್ತು ರಾಯದುರ್ಗದಿಂದ ಬಳ್ಳಾರಿ ರಸ್ತೆ ಹಿಡಿದು ಹೊರಟವನು ಸುತ್ತ ಜೋಳದ ಬೇಲಿಯಿರುವ ಶೇಂಗಾ ಹೊಲವನ್ನು ಹುಡುಕಿಕೊಂಡು ಹೋಗಬೇಕು. ಪಾರ್ಥೇನಿಯಂ ಅನ್ನು ಹುಡುಕಬೇಕಿಲ್ಲ.

ಯಾಕೆ ಹಾಕಲಿಲ್ಲ ಎಂದು ಕೇಳಿದರೆ ಉತ್ತರಗಳು ಸಿದ್ಧವಾಗಿವೆ. ನಾಲ್ಕು ಸಾಲು ಶೇಂಗಾ ಕಡಿಮೆಯಾಗುತ್ತದೆ. ಟ್ರ್ಯಾಕ್ಟರ್ ತಿರುಗಿಸಲು ಆಗುವುದಿಲ್ಲ. ಜೋಳಕ್ಕೆ ಹಕ್ಕಿ ಬರುತ್ತದೆ. ಮೊದಲನೆಯದಕ್ಕೆ 2000ನೇ ಇಸವಿಯೇ ಉತ್ತರ: ನಾಲ್ಕು ಸಾಲು ಉಳಿಸಲು ಹೋಗಿ ಇಡೀ ಹೊಲ ಕಳೆದುಕೊಂಡ ಜಿಲ್ಲೆ ಇದು. ಜೋಳದ ಸೊಪ್ಪೆಯನ್ನು ದನಕ್ಕೆ ಹಾಕಿದರೆ ಆ ಸಾಲುಗಳ ಲೆಕ್ಕವೂ ತೀರುತ್ತದೆ. ಎರಡನೆಯದು ಸೋಮಾರಿತನ, ಅದಕ್ಕೆ ಉತ್ತರ ಕೊಡಬೇಕಾದ ಅಗತ್ಯ ಕಾಣುವುದಿಲ್ಲ. ಮೂರನೆಯದು ನನ್ನನ್ನು ನಿಜಕ್ಕೂ ಕೆರಳಿಸುತ್ತದೆ. ಹಕ್ಕಿ ಬರಲಿ ಎಂದೇ ಅಲ್ಲವೇ ಹಿಂದಿನವರು ಎಳ್ಳಮಾವಾಸ್ಯೆಗೆ, ಸೀಗಿ ಹುಣ್ಣಿಮೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಿದ್ದುದು? ಕಾಳು ತಿನ್ನಲು ಬಂದ ಗೊರವಂಕ ಕಾಳಷ್ಟನ್ನೇ ತಿಂದು ಹೋಗುವುದಿಲ್ಲ. ಕಾಜಾಣ ಕಾಳನ್ನು ಮುಟ್ಟುವುದೇ ಇಲ್ಲ, ಅದಕ್ಕೆ ಬೇಕಾದದ್ದು ಕೂರಲು ಒಂದು ಎತ್ತರದ ಕಡ್ಡಿ ಮತ್ತು ಹಾರುವ ಹುಳು. ಬೆಳ್ಳಕ್ಕಿ ನೇಗಿಲ ಹಿಂದೆ ನಡೆಯುವುದು ಮಣ್ಣಿನಿಂದ ಎದ್ದ ಹುಳುವಿಗಾಗಿ. ಹಬ್ಬದ ದಿನ ಹಕ್ಕಿಗೆ ಅನ್ನ ಚೆಲ್ಲಿ, ಮಿಕ್ಕ ದಿನವೆಲ್ಲ ಅದು ಕೂರುವ ಮರ ಕಡಿಯುವ ಭಕ್ತಿಯಿಂದ ಹೊಲಕ್ಕೆ ಏನೂ ಸಿಗದು.

ಅನಂತಪುರದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 550 ಮಿಲಿಮೀಟರ್, ಅದೂ ಸರಿಯಾದ ಕಾಲಕ್ಕೆ ಬಿದ್ದರೆ. ಇಂಥ ನೆಲದಲ್ಲಿ ಒಂದು ಕಾಲಕ್ಕೆ 7 ಲಕ್ಷ ಹೆಕ್ಟೇರಿಗೂ ಹೆಚ್ಚು ಶೇಂಗಾ ಒಂದನ್ನೇ ಬಿತ್ತಿದೆವು. ನವಣೆ, ಸಜ್ಜೆ, ಜೋಳ, ಹುರಳಿ ಇದ್ದ ಜಾಗವನ್ನು ಅದು ತಿಂದಿತು. ಅದಕ್ಕಿಂತ ದೊಡ್ಡ ನಷ್ಟ ಅಕ್ಕಡಿ ಸಾಲಿನದು. ಮುಖ್ಯ ಬೆಳೆಯ ನಡುವೆ ಇಂತಿಷ್ಟು ಸಾಲಿಗೆ ಒಂದರಂತೆ ತೊಗರಿ, ಅಲಸಂದೆ, ಹರಳು, ಅವರೆ, ಅಂಚಿಗೆ ಹುಚ್ಚೆಳ್ಳು. ಕೂರಿಗೆಯಲ್ಲಿ ಬಿತ್ತುತ್ತಿದ್ದಾಗ ಅಕ್ಕಡಿಗೆ ಹಿಂದೆ ಒಬ್ಬ ಹೆಣ್ಣುಮಗಳು ಬೇರೆ ಸಡ್ಡೆ ಹಿಡಿದು ನಡೆಯುತ್ತಿದ್ದಳು. ಟ್ರ್ಯಾಕ್ಟರ್ ಬಂದ ಮೇಲೆ ಆ ಕೆಲಸವೂ ಹೋಯಿತು, ಸಾಲೂ ಹೋಯಿತು. ಅಕ್ಕಡಿಯನ್ನು ಮನೆಯ ಬೇಳೆಗೆ, ಎಣ್ಣೆಗೆ ಮಾಡುತ್ತಿದ್ದರು ಎಂದಷ್ಟೇ ನಾವು ನೆನಪಿಟ್ಟುಕೊಂಡೆವು, ಅಂಗಡಿಯಲ್ಲಿ ಬೇಳೆ ಸಿಗುವಾಗ ಅದು ಯಾಕೆ ಎಂದುಕೊಂಡೆವು. ಆ ಸಾಲು ಮಾಡುತ್ತಿದ್ದ ಇನ್ನೊಂದು ಕೆಲಸವನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಆ ಕೆಲಸ ಏನೆಂದು ತಿಳಿಯಬೇಕಾದರೆ ಒಂದು ಹರಳಿನ ಗಿಡದ ಮುಂದೆ ಕೂರಬೇಕು. ಎಲೆಯ ತೊಟ್ಟು ಎಲೆಯನ್ನು ಸೇರುವಲ್ಲಿ ಪುಟ್ಟ ಗಂಟುಗಳಿವೆ. ಅಲ್ಲಿ ಸಿಹಿರಸ ಒಸರುತ್ತದೆ, ಹೂ ಬಿಡುವುದಕ್ಕೆ ಎಷ್ಟೋ ಮೊದಲೇ. ಅಲಸಂದೆಯಲ್ಲೂ ಹೂವಿನ ಹೊರಗೆ ಇಂಥ ರಸಗಂಟುಗಳಿವೆ. ಅದನ್ನು ಹೀರಲು ಇರುವೆ ಬರುತ್ತದೆ, ಕಣ್ಣಿಗೆ ಕಾಣದಷ್ಟು ಸಣ್ಣ ಕಣಜಗಳು ಬರುತ್ತವೆ. ಈ ಕಣಜಗಳ ಮರಿಗಳು ಹುಳುವಿನ ಮೊಟ್ಟೆಯೊಳಗೋ ಮೈಯೊಳಗೋ ಬೆಳೆಯುತ್ತವೆ, ಹುಳುವನ್ನು ಒಳಗಿನಿಂದ ತಿಂದು ಮುಗಿಸುತ್ತವೆ. ಬೆಳೆದ ಕಣಜಕ್ಕೆ ಬೇಕಾದದ್ದು ಮಾತ್ರ ಹುಳುವಲ್ಲ, ಸಿಹಿ. ಟ್ರೈಕೊಗ್ರಾಮ ಎಂಬ ಮೊಟ್ಟೆ ಕಣಜ ಒಂದು ಮಿಲಿಮೀಟರ್ ಉದ್ದವೂ ಇಲ್ಲ. ಸಿಹಿ ಸಿಕ್ಕರೆ ಕೆಲವು ದಿನ ಹೆಚ್ಚು ಬಾಳುತ್ತದೆ, ಆ ದಿನಗಳಲ್ಲಿ ಹೆಚ್ಚು ಮೊಟ್ಟೆ ಹುಡುಕುತ್ತದೆ. ಸಿಹಿ ಸಿಗದಿದ್ದರೆ ಹಸಿದು ಸಾಯುತ್ತದೆ. ಶೇಂಗಾ ಒಂದೇ ಇರುವ ಹೊಲದಲ್ಲಿ ಅದಕ್ಕೆ ಊಟವಿಲ್ಲ. ಮಿತ್ರಕೀಟ ಕಾಣುತ್ತಿಲ್ಲ ಎಂದು ದೂರುವವರು ಅದಕ್ಕೆ ಏನು ಉಣ್ಣಲು ಇಟ್ಟಿದ್ದಾರೆ ಎಂದು ತಮ್ಮನ್ನೇ ಕೇಳಿಕೊಳ್ಳಲಿ.

ಎಕ್ಕದ ಗಿಡವನ್ನು ನೋಡಿ. ಬದುವಿನ ಮೇಲೆ ಬಿಸಿಲಿಗೆ ಜಗ್ಗದೆ ನಿಲ್ಲುವುದರಿಂದಲೇ ಅದಕ್ಕೆ ಬೆಲೆಯಿಲ್ಲವಾಗಿದೆ. ಅದರ ಕುಡಿಗೆ ಹಳದಿ ಹೇನು ಹತ್ತುತ್ತದೆ. ಆ ಹೇನಿಗೆ ಎಕ್ಕದ ಜಾತಿಯ ಗಿಡಗಳ ರಸವೇ ಬೇಕು, ಶೇಂಗಾವನ್ನು ಅದು ಮೂಸುವುದಿಲ್ಲ. ಗುಲಗಂಜಿ ಹುಳುವಿಗೆ ಆ ಹೇನೂ ಆಹಾರ, ಶೇಂಗಾಕ್ಕೆ ಹತ್ತುವ ಕಪ್ಪು ಹೇನೂ ಆಹಾರ. ಬೇಸಿಗೆಯಲ್ಲಿ ಹೊಲ ಬರಿದಾಗಿರುವಾಗ ಎಕ್ಕದ ಮೇಲೆ ಹೊಟ್ಟೆ ಹೊರೆದುಕೊಂಡ ಗುಲಗಂಜಿ ಹುಳು, ಶೇಂಗಾಕ್ಕೆ ಹೇನು ಹತ್ತಿದಾಗ ಹತ್ತಿರದಲ್ಲೇ ಇರುತ್ತದೆ. ಬಾರೆ ಗಿಡ ಮಳೆಗಾಲ ಮುಗಿಯುವಾಗ ಹೂ ಬಿಟ್ಟರೆ ಕಣಜಗಳೂ ನೊಣಗಳೂ ಅದನ್ನು ಮುತ್ತುತ್ತವೆ. ಹಳೆಯ ಬೇವು, ಹೊಂಗೆ ಇದ್ದರೆ ಅಲ್ಲಿ ಗೂಬೆ ಕೂರುತ್ತದೆ, ಇಲಿಯ ಲೆಕ್ಕ ಅದು ನೋಡಿಕೊಳ್ಳುತ್ತದೆ. ಕಲ್ಲಿನ ಸಂದಿಯಲ್ಲಿ ಓತಿಕ್ಯಾತ, ಹುಲ್ಲಿನ ಬುಡದಲ್ಲಿ ಜೇಡ, ಹಳ್ಳದ ತೇವದಲ್ಲಿ ಕಪ್ಪೆ. ಬದು ಎಂದರೆ ಇವೆಲ್ಲ ಬೇಸಿಗೆ ಕಳೆಯುವ ಜಾಗ.

ಆ ಜಾಗಕ್ಕೆ ನಾವು ಮಾಡಿದ್ದೇನು? ಅರ್ಧ ಗಜ ನೆಲ ಹೆಚ್ಚು ಸಿಗಲೆಂದು ಎರಡೂ ಕಡೆಯವರು ಬದುವನ್ನು ಗೀರಿ ಗೀರಿ ಕೋಲಿನಗಲಕ್ಕೆ ತಂದೆವು. ಬೇಸಿಗೆಯಲ್ಲಿ ಅದಕ್ಕೆ ಬೆಂಕಿ ಇಟ್ಟೆವು, ಸ್ವಚ್ಛವಾಯಿತು ಎಂದೆವು. ಬೇವನ್ನೂ ಕರಿಜಾಲಿಯನ್ನೂ ಇಟ್ಟಿಗೆ ಭಟ್ಟಿಗೆ ಮಾರಿದೆವು. ಕಾರೆ, ಬಾರೆ, ತಂಗಡಿ ಯಾವುದಕ್ಕೂ ಬೆಲೆ ಕಟ್ಟದೆ ಜೆಸಿಬಿ ಬಾಯಿಗೆ ಕೊಟ್ಟೆವು. ಗೋಮಾಳ ಬಳ್ಳಾರಿ ಜಾಲಿಯ ಪಾಲಾಯಿತು, ಅದರ ಮೆಳೆಯ ಕೆಳಗೆ ಬೇರೆ ಗಿಡ ತಲೆಯೆತ್ತುವುದಿಲ್ಲ. ಗುಡ್ಡ ಕ್ರಷರಿನ ಪಾಲಾಯಿತು. ಇತ್ತ ಬೊಮ್ಮನಹಾಳ, ಕಣೇಕಲ್ಲಿನ ಕಡೆ ಹಗರಿ ಹೊಳೆಯ ಮರಳು ಗಾಳಿಗೆ ಎದ್ದು ಹೊಲಕ್ಕೆ ಬಂದು ದಿಬ್ಬಗಟ್ಟುವುದನ್ನು ಕಣ್ಣಾರೆ ಕಾಣುತ್ತಿರುವ ಜನ ನಾವು. ಗಾಳಿಗೆ ಅಡ್ಡ ನಿಲ್ಲುವ ಒಂದು ಸಾಲು ಗಿಡ ಏನು ಮಾಡುತ್ತದೆಂದು ನಮಗಿಂತ ಚೆನ್ನಾಗಿ ಯಾರಿಗೆ ತಿಳಿಯಬೇಕು? ಆದರೂ ಕಡಿದೆವು. ಖಾಲಿ ಮಾಡಿದ ಜಾಗ ಖಾಲಿ ಉಳಿಯಲಿಲ್ಲ. ನಂಜು ಹೊತ್ತ ಒಂದೇ ಕಳೆ ಬಂದು ಅದನ್ನೆಲ್ಲ ತುಂಬಿತು.

ನೀರಾವರಿ ಇರುವವರು ಇದು ಬೆದ್ದಲು ಭೂಮಿಯವರ ಕತೆ ಎಂದು ಪಕ್ಕಕ್ಕೆ ಸರಿಯುವಂತಿಲ್ಲ. ತುಂಗಭದ್ರೆಯ ಮೇಲ್ಮಟ್ಟದ ಕಾಲುವೆಯಡಿ ಭತ್ತ ಬೆಳೆಯುವ ಕಣೇಕಲ್ಲಿನವರಿಗೆ, ಸಿರುಗುಪ್ಪ, ಗಂಗಾವತಿಯವರಿಗೆ ಕಂದು ಜಿಗಿಹುಳು ಯಾಕೆ ಹೆಚ್ಚುತ್ತದೆಂದು ಇಂಡೋನೇಷ್ಯಾ ಎಂದೋ ತೋರಿಸಿಕೊಟ್ಟಿದೆ. ಅಲ್ಲಿ ಸರ್ಕಾರವೇ ಸಬ್ಸಿಡಿ ಕೊಟ್ಟು ಕೀಟನಾಶಕ ಹೊಡೆಸಿತು. ಜೇಡಗಳು, ಮೊಟ್ಟೆ ತಿನ್ನುವ ತಿಗಣೆಗಳು ಸತ್ತವು. ಭತ್ತದ ತಾಳಿನೊಳಗೆ ಇಟ್ಟಿದ್ದ ಜಿಗಿಹುಳುವಿನ ಮೊಟ್ಟೆ ಉಳಿದವು, ಒಡೆದು ಬಂದ ಮರಿಗಳನ್ನು ತಿನ್ನುವವರು ಗದ್ದೆಯಲ್ಲಿ ಉಳಿದಿರಲಿಲ್ಲ. ಹೊಡೆದಷ್ಟೂ ಹೆಚ್ಚಿತು. 1986ರಲ್ಲಿ ಅಧ್ಯಕ್ಷ ಸುಹಾರ್ತೊ ಭತ್ತಕ್ಕೆ ಬಳಸುತ್ತಿದ್ದ 57 ಕೀಟನಾಶಕಗಳನ್ನು ಒಂದೇ ಆದೇಶದಲ್ಲಿ ನಿಷೇಧಿಸಿದರು. ಭತ್ತದ ಇಳುವರಿ ಕುಸಿಯಲಿಲ್ಲ. ಸುಮಾರು 40 ವರ್ಷದ ಹಿಂದಿನ ಮಾತಿದು. ಇವತ್ತಿಗೂ ನಮ್ಮಲ್ಲಿ ನಾಟಿಯಾದ ತಿಂಗಳೊಳಗೆ, ಹುಳು ಕಾಣಲಿ ಬಿಡಲಿ, ಒಂದು ಸಲ ಹೊಡೆದುಬಿಟ್ಟರೆ ನಿಶ್ಚಿಂತೆ ಎಂಬ ನಂಬಿಕೆ ಅಲುಗಿಲ್ಲ.

ಮೆಣಸಿನಕಾಯಿಯವರಿಗೆ 2021 ಮರೆತಿರಲಾರದು. 2015ರಲ್ಲಿ ಬೆಂಗಳೂರಿನ ಪಪ್ಪಾಯಿ ಗಿಡಗಳಲ್ಲಿ ಮೊದಲು ಗುರುತಿಸಿದ ಹೊರದೇಶದ ಥ್ರಿಪ್ಸ್, ಆರು ವರ್ಷದಲ್ಲಿ ಆಂಧ್ರ, ತೆಲಂಗಾಣ, ಕರ್ನಾಟಕದ ಮೆಣಸಿನ ಹೂವಿನೊಳಗೆ ಗುಂಪುಗುಂಪಾಗಿ ಕೂತಿತು. ಹೂ ಉದುರಿತು, ಕಾಯಿ ಕಟ್ಟಲಿಲ್ಲ. ಆಗ ಹೊಡೆದ ಎಣ್ಣೆಯ ಬಗೆಗಳಿಗೆ ಲೆಕ್ಕವಿಲ್ಲ. ಎರಡು ಮೂರು ಡಬ್ಬಿಗಳನ್ನು ಒಂದೇ ಟ್ಯಾಂಕಿಗೆ ಸುರಿದವರಿದ್ದಾರೆ. ಹೂವಿನ ಬುಡದಲ್ಲಿ ಅವಿತ ನುಸಿಗೆ ಅದು ತಾಗಲಿಲ್ಲ. ಹೊರಗೆ ಓಡಾಡುತ್ತಿದ್ದ, ಆ ನುಸಿಯನ್ನು ಚುಚ್ಚಿ ತಿನ್ನುವ ಸಣ್ಣ ತಿಗಣೆಗಳಿಗೆ ಪೂರ್ತಿ ತಾಗಿತು. ಗಾಬರಿಯಲ್ಲಿ ಹೊಡೆದವರನ್ನು ನಾನು ಅರ್ಥ ಮಾಡಿಕೊಳ್ಳಬಲ್ಲೆ, ಸಾಲ ತಂದು ಬೆಳೆದ ಬೆಳೆ. ಮರುವರ್ಷ ಹೂವನ್ನು ಕೊಡವಿ ಅಂಗೈ ಮೇಲೆ ನುಸಿ ಎಣಿಸಿ ನೋಡದೆ ಮತ್ತೆ ಅದನ್ನೇ ಮಾಡಿದವರನ್ನು ಅರ್ಥ ಮಾಡಿಕೊಳ್ಳಲಾರೆ.

ಇನ್ನೊಂದು ಬಗೆಯ ನಿಶ್ಚಿಂತರಿದ್ದಾರೆ, ಅವರನ್ನೂ ಬಿಡುವಂತಿಲ್ಲ. ಪೇಟೆಯಲ್ಲಿ ಕೂತು, ಕಾಡು ಬೆಳೆಸಿ, ಪ್ರಕೃತಿ ಎಲ್ಲ ನೋಡಿಕೊಳ್ಳುತ್ತದೆ ಎನ್ನುವವರು. ಪ್ರಕೃತಿ ಹಾಗೆ ಮಾತು ಕೊಟ್ಟಿಲ್ಲ. ಹೊಲದ ಸುತ್ತ ಗಿಡಮರ ಹೆಚ್ಚಿದ್ದರೆ ಏನಾಗುತ್ತದೆಂದು 2006ರಲ್ಲಿ ಯುರೋಪಿನ ಸಂಶೋಧಕರು ಅದುವರೆಗಿನ ಅಧ್ಯಯನಗಳನ್ನು ಕೂಡಿಸಿ ನೋಡಿದರು. ನೂರಕ್ಕೆ 74ರಲ್ಲಿ ಮಿತ್ರಕೀಟಗಳು ಹೆಚ್ಚಿದ್ದವು, ಆದರೆ ಹುಳುವಿನ ಕಾಟ ತಗ್ಗಿದ್ದು 45ರಲ್ಲಿ ಮಾತ್ರ. 2018ರಲ್ಲಿ ಜಗತ್ತಿನ 132 ಅಧ್ಯಯನಗಳ, 6,700ಕ್ಕೂ ಹೆಚ್ಚು ತಾಕುಗಳ ಮಾಹಿತಿಯನ್ನು ಒಟ್ಟಿಗೆ ಇಟ್ಟಾಗ ಫಲ ಒಂದೊಂದು ಕಡೆ ಒಂದೊಂದು ಥರ ಬಂತು. ಕೆಲವು ಕಡೆ ಸುತ್ತಲಿನ ಹಸಿರು ಹುಳುವನ್ನು ತಗ್ಗಿಸಿತು, ಕೆಲವು ಕಡೆ ಏನೂ ಮಾಡಲಿಲ್ಲ, ಕೆಲವು ಕಡೆ ಹುಳುವಿಗೇ ಆಸರೆಯಾಯಿತು. ನಮಗೆ ಇದು ಹೊಸದೇನಲ್ಲ. ಪಾರ್ಥೇನಿಯಂ ಕೂಡ ಹಸಿರೇ. ಬದುವಿನಲ್ಲಿ ಯಾವ ಗಿಡವಿದೆ, ಅದು ಯಾರಿಗೆ ಊಟ, ಯಾರಿಗೆ ಮನೆ ಎಂದು ಗಿಡ ಗಿಡಕ್ಕೂ ಕೇಳಬೇಕು. ಹರಳನ್ನು ಹಾಕಿ ಸುಮ್ಮನೆ ಕೂತರೆ ತಂಬಾಕಿನ ಹುಳುವಿಗೆ ಅದೇ ತೊಟ್ಟಿಲು. ಎಲೆಯಡಿ ಗುಂಪಾಗಿ ಇಟ್ಟ ಮೊಟ್ಟೆಯನ್ನು ಎಲೆ ಸಮೇತ ಕಿತ್ತು ನಾಶ ಮಾಡಿದರೆ ಮಾತ್ರ ಅದು ಬಲೆ.

ಕಂಬಳಿ ಹುಳು ಇದನ್ನೆಲ್ಲ ಇನ್ನೂ ಕಟುವಾಗಿ ಕಲಿಸುತ್ತದೆ. ಶೇಂಗಾ ತಿನ್ನುವ ಕೆಂಪು ಕಂಬಳಿ ಹುಳು ಬೆಳೆದ ಮೇಲೆ ಬದುವಿನ ಮಣ್ಣಿಗೆ, ಮರದ ನೆರಳಿನ ಬುಡಕ್ಕೆ ಇಳಿದು ಕೋಶ ಕಟ್ಟುತ್ತದೆ, ತಿಂಗಳುಗಟ್ಟಲೆ ಅಲ್ಲೇ ಮಲಗುತ್ತದೆ. ಮುಂದಿನ ವರ್ಷ ಮೊದಲ ಹದ ಮಳೆ ಬಿದ್ದ ಎರಡು ಮೂರು ದಿನಕ್ಕೆ ಚಿಟ್ಟೆಗಳು ಒಟ್ಟಿಗೆ ಎದ್ದು ಬರುತ್ತವೆ. ಒಂದೊಂದು ಹೆಣ್ಣು ನೂರಾರು ಮೊಟ್ಟೆ ಇಡುತ್ತದೆ. ಮರಿಗಳು ಒಂದು ಹೊಲ ಮುಗಿಸಿ ಇನ್ನೊಂದಕ್ಕೆ ದಂಡಾಗಿ ನಡೆಯುತ್ತವೆ. ದೊಡ್ಡದಾದ ಹುಳುವಿಗೆ ಎಣ್ಣೆ ಸರಿಯಾಗಿ ನಾಟುವುದಿಲ್ಲ. ಉಪಾಯ ಇರುವುದು ಆ ಎರಡು ಮೂರು ರಾತ್ರಿಗಳಲ್ಲಿ: ಊರ ಹೊಲಗಳಲ್ಲೆಲ್ಲ ಒಂದೇ ಹೊತ್ತಿಗೆ ಬೆಂಕಿ ಹಾಕಿ, ದೀಪ ಇಟ್ಟು, ಚಿಟ್ಟೆಗಳನ್ನು ಮೊಟ್ಟೆಗೆ ಮುಂಚೆ ಮುಗಿಸುವುದು. ಆಮೇಲೆ ಹೊಲದ ಅಂಚಿಗೆ ಎಕ್ಕದ ಕೊಂಬೆ ಹರಡಿ, ಅದಕ್ಕೆ ಬಂದು ಮುತ್ತಿದ ಮರಿಗಳನ್ನು ಆರಿಸುವುದು. ಬೇಸಿಗೆಯಲ್ಲಿ ಮಾಗಿ ಉಳುಮೆ ಮಾಡಿ ಕೋಶಗಳನ್ನು ಹಕ್ಕಿಗೆ, ಬಿಸಿಲಿಗೆ ಕೊಡುವುದು. ಒಬ್ಬ ಮಾಡಿ ಒಂಬತ್ತು ಜನ ಮನೆಯಲ್ಲಿ ಕೂತರೆ ಮಾಡಿದವನ ಹೊಲಕ್ಕೂ ಹುಳು ನಡೆದುಕೊಂಡು ಬರುತ್ತದೆ. ಹಕ್ಕಿಗೂ ಕಣಜಕ್ಕೂ ಪಹಣಿ ಗೊತ್ತಿಲ್ಲದಂತೆ ಹುಳುವಿಗೂ ಗೊತ್ತಿಲ್ಲ. ನನ್ನ ಹೊಲ ನಾನು ನೋಡಿಕೊಂಡೆ ಎನ್ನುವ ಮಾತೇ ಇಲ್ಲಿ ಪೊಳ್ಳು.

ಶ್ರಾವಣದಲ್ಲಿ ಕಸಾಪುರ, ಮುರಡಿ, ನೇಮಕಲ್ಲು ಮೂರೂ ಆಂಜನೇಯರನ್ನು ಒಂದೇ ದಿನ ದರ್ಶನ ಮಾಡಬೇಕೆಂದು ಸಾವಿರಾರು ಜನ ಈ ದಾರಿಗಳಲ್ಲಿ ಬರುತ್ತಾರೆ. ಅದೇ ತಿಂಗಳಲ್ಲಿ ದಾರಿಯ ಎರಡೂ ಬದಿ ಪಾರ್ಥೇನಿಯಂ ಬಿಳಿ ಹೂವಿನಲ್ಲಿ ನಿಂತಿರುತ್ತದೆ, ಪಕ್ಕದ ಶೇಂಗಾ ಎಳೆಯದಾಗಿರುತ್ತದೆ. ಮೂರು ಊರುಗಳನ್ನು ಒಂದು ಹಗಲಿನಲ್ಲಿ ಸುತ್ತುವ ಸಂಕಲ್ಪ ಇಲ್ಲಿನ ಜನಕ್ಕಿದೆ, ತೇರು ಎಳೆಯಲು ಊರಿಗೆ ಊರೇ ಕೈ ಹಾಕುತ್ತದೆ. ಆ ಕೈಗಳು ಅದೇ ದಾರಿಯ ಬದಿಗೆ ಒಂದು ವಾರ ಮುಂಚೆ ಯಾಕೆ ಬರುವುದಿಲ್ಲ? ಕಳೆ ಕೀಳುವುದು ಕೂಲಿಯವರ ಕೆಲಸ, ರಸ್ತೆಬದಿ ಸರ್ಕಾರದ್ದು, ಬೀಳು ಬೇರೆಯವರದ್ದು ಎಂದು ಹಂಚಿ ಹಾಕಿ ಎಲ್ಲರೂ ಕೈ ತೊಳೆದುಕೊಂಡಿದ್ದೇವೆ.

ಅಧಿಕಾರಿಗಳಿಗೂ ಇದೇ ದನಿಯಲ್ಲಿ ಹೇಳಬೇಕು. ಪ್ರತಿ ಮುಂಗಾರಿಗೆ ಸಬ್ಸಿಡಿಯಲ್ಲಿ ಶೇಂಗಾ ಬೀಜ ಹಂಚುತ್ತೀರಿ. 1940ರಲ್ಲಿ ತಿಂಡಿವನಂನಿಂದ ಬಂದ ಟಿಎಂವಿ-2 ತಳಿಯನ್ನೇ ದಶಕಗಟ್ಟಲೆ ಹಂಚಿದಿರಿ. ಆ ಚೀಲದ ಜೊತೆ ಬೇಲಿಗೆ ಬೇಕಾದಷ್ಟು ಜೋಳದ ಬೀಜವನ್ನು ಒಂದು ಪುಟ್ಟ ಪೊಟ್ಟಣದಲ್ಲಿ ಕಟ್ಟಿ ಕೊಡಬೇಕೆಂದು ಯಾಕೆ ಹೊಳೆಯಲಿಲ್ಲ? ಉದ್ಯೋಗ ಖಾತ್ರಿ ಯೋಜನೆ 2006ರ ಫೆಬ್ರವರಿ 2ರಂದು ದೇಶದಲ್ಲಿ ಮೊದಲು ಚಾಲನೆ ಪಡೆದದ್ದು ಈ ಅನಂತಪುರ ಜಿಲ್ಲೆಯ ಬಂಡ್ಲಪಲ್ಲಿಯಲ್ಲೇ. ಅಲ್ಲಿಂದೀಚೆಗೆ ಈ ನೆಲದಲ್ಲಿ ಎಷ್ಟು ಮಣ್ಣು ಅಗೆದು ಎಷ್ಟು ಬದು ಹಾಕಿದ್ದೇವೆ! ಹಾಕಿದ ಬದುವಿನ ಮೇಲೆ ಯಾವ ಗಿಡ ಎಂಬ ಪ್ರಶ್ನೆ ಬಂದಾಗ ಅಳತೆ ಪುಸ್ತಕ ಮುಚ್ಚಿಬಿಡುತ್ತದೆ. 2022ರಲ್ಲಿ ಜಿಲ್ಲೆ ಒಡೆದು ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ರಾಯದುರ್ಗ ಇಲ್ಲೇ ಉಳಿಯಿತು. ಫಲಕಗಳು ಬದಲಾದವು, ಬದುಗಳು ಹಾಗೇ ಇವೆ. ಕನ್ನಡ ಮಾತಾಡುವ ಈ ಹಳ್ಳಿಗಳಿಗೆ ಕೃಷಿ ಸಲಹೆ ತೆಲುಗಿನ ಕರಪತ್ರದಲ್ಲಿ ತಲುಪುತ್ತದೆ, ಬಳ್ಳಾರಿ ಕಡೆಯ ಕನ್ನಡ ಕರಪತ್ರ ಗಡಿ ದಾಟುವುದಿಲ್ಲ. ಎರಡು ರಾಜ್ಯದ ಇಲಾಖೆಗಳು ಒಂದೇ ನುಸಿಯ ಬಗ್ಗೆ ಒಂದು ದಿನ ಕೂತು ಮಾತಾಡಿದರೆ ಯಾರ ಮಾನವೂ ಹೋಗುವುದಿಲ್ಲ.

ವಿಜ್ಞಾನಿಗಳು ಏನಾದರೂ ತಂದು ಬಿಡುತ್ತಾರೆ ಎಂದು ಕಾಯುವವರಿಗೆ ಪಪ್ಪಾಯಿಯ ಬಿಳಿ ಹಿಟ್ಟು ತಿಗಣೆಯ ಕತೆ ಗೊತ್ತಿರಬೇಕು. 2008ರಲ್ಲಿ ಕೊಯಮತ್ತೂರಿನಲ್ಲಿ ಕಂಡ ಅದು ಹಿಪ್ಪುನೇರಳೆಗೂ ಹತ್ತಿ ರೇಷ್ಮೆಯವರನ್ನು ಅಳಿಸಿತು. ಆ ತಿಗಣೆಗೂ ಪಾರ್ಥೇನಿಯಂ ಒಂದು ಆಸರೆ. 2010ರಲ್ಲಿ ಪೋರ್ಟೊರಿಕೊದಿಂದ ತರಿಸಿದ ಕಣಜಗಳನ್ನು ಬೆಂಗಳೂರಿನ ಹೆಬ್ಬಾಳದ ರಾಷ್ಟ್ರೀಯ ಸಂಸ್ಥೆ ಬೆಳೆಸಿ ಹಂಚಿತು. ಕಣಜ ಗೆದ್ದಿತು. ಆದರೆ ತಿಗಣೆ ಹೊರಗಿನಿಂದ ಬಂದದ್ದು, ಅದರ ವೈರಿ ಇಲ್ಲಿರಲಿಲ್ಲ, ಅದಕ್ಕೇ ಹೊರಗಿನಿಂದ ತರಬೇಕಾಯಿತು. ಶೇಂಗಾದ ಎಲೆ ಸುರುಳಿ ಹುಳುವಿಗೆ, ಹರಳಿನ ಕೊಂಡ್ಲಿ ಹುಳುವಿಗೆ, ತೊಗರಿಯ ಕಾಯಿಕೊರಕಕ್ಕೆ ವೈರಿಗಳು ಇಲ್ಲೇ ಹುಟ್ಟಿ ಬೆಳೆದವರು. ಅವರನ್ನು ಯಾರೂ ಪೆಟ್ಟಿಗೆಯಲ್ಲಿ ತಂದುಕೊಡುವ ಅಗತ್ಯವಿಲ್ಲ. ಅವರ ಮನೆಗೆ ಬೆಂಕಿ ಇಡದಿದ್ದರೆ ಸಾಕು.

ಆಗುವುದಿಲ್ಲ ಎನ್ನುವವರು ಚೆನ್ನೆಕೊತ್ತಪಲ್ಲಿಗೆ ಹೋಗಿ ನೋಡಲಿ. 1990ರಲ್ಲಿ ಟಿಂಬಕ್ಟು ಕಲೆಕ್ಟಿವ್ ಎಂಬ ಸಂಸ್ಥೆ ಅಲ್ಲಿ 32 ಎಕರೆ ಬಂಜರಿನಿಂದ ಆರಂಭಿಸಿತು. ಮುಂದೆ ಸುತ್ತಲಿನ ಹಳ್ಳಿಯವರೇ ಕಾವಲು ಕಾದು, ಬೆಂಕಿ ತಡೆದು, ಕಲ್ಪವಲ್ಲಿ ಎಂಬ ಸಾವಿರಾರು ಎಕರೆ ಗುಡ್ಡಗಳಿಗೆ ಮತ್ತೆ ಹುಲ್ಲು, ಮರ ಬರುವಂತೆ ಮಾಡಿದರು. ಮಳೆ ಅಲ್ಲಿ ಹೆಚ್ಚು ಬೀಳುವುದಿಲ್ಲ. ಅವರದೂ ಇದೇ ಒಣ ನೆಲ, ಇದೇ ಸಾಲ, ಇದೇ ಶೇಂಗಾ.

ಈ ಸಲದ ಮುಂಗಾರಿಗೆ ಮುಂಚೆ ಮಾಡಬೇಕಾದದ್ದು ಇಷ್ಟು. ಊರಿನವರು ಒಂದು ಸಂಜೆ ಕೂತು ಬದು, ಬೀಳು, ದಾರಿ, ಕಾಲುವೆ ದಡ ಯಾವುದು ಯಾರ ಪಾಲಿಗೆ ಎಂದು ಹೆಸರು ಹಚ್ಚಿ ಪಟ್ಟಿ ಬರೆಯಿರಿ. ಗ್ರಾಮ ಸಚಿವಾಲಯದವರನ್ನೂ ಆ ಪಟ್ಟಿಯಲ್ಲಿ ಸೇರಿಸಿ. ಬದುವಿಗೆ ಬೆಂಕಿ ಇಡುವುದನ್ನು ಈ ಬೇಸಿಗೆಯಿಂದಲೇ ನಿಲ್ಲಿಸಿ. ಜೋಳದ ಬೀಜ, ಅಕ್ಕಡಿಗೆ ತೊಗರಿ, ಅಲಸಂದೆ, ಹರಳು ಈಗಲೇ ತೆಗೆದಿಡಿ, ಬಿತ್ತುವ ದಿನ ಹುಡುಕಿದರೆ ಸಿಗುವುದಿಲ್ಲ. ಮೊದಲ ಮಳೆಗೆ ಪಾರ್ಥೇನಿಯಂ ಮೊಳೆಯುತ್ತದೆ. ನೆಲ ಹಸಿಯಿದ್ದಾಗ ಬೇರು ಸಮೇತ ಬರುತ್ತದೆ, ಬರಿಗೈಯಲ್ಲಿ ಮುಟ್ಟಬೇಡಿ, ಕೈಗೆ ಚೀಲ ಸುತ್ತಿಕೊಳ್ಳಿ. ಕಿತ್ತ ಜಾಗಕ್ಕೆ ತಂಗಡಿ ಬೀಜ ಎರಚಿ, ಇಲ್ಲದಿದ್ದರೆ ಮತ್ತೆ ಅದೇ ಏಳುತ್ತದೆ. ಮೊಳೆತ ದಿನದಿಂದ ಹೂವಿಗೆ ನಿಮಗೆ ಸಿಗುವುದು ಸುಮಾರು ಒಂದು ತಿಂಗಳು.